ಯಾರು ತಂದರು ಅಂತ ಕೇಳಬೇಡಿ, ಹೇಗೆ ಹರಡಿತು ಅಂತ ಕೇಳಿ: ಆಸ್ಪತ್ರೆ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಆಸ್ಪತ್ರೆಗಳ ಆಡಳಿತ ನೋಡಿಕೊಳ್ಳುವವರಿಗೆ, ಸೂಪರಿಂಟೆಂಡೆಂಟರಿಗೆ, ಸೋಂಕು ನಿಯಂತ್ರಣ ಸಮಿತಿಯ ಸದಸ್ಯರಿಗೆ, ಇವರೆಲ್ಲರ ಮೇಲಿರುವ ಆರೋಗ್ಯ ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಐಸಿಯುನಲ್ಲಿ ಕೆಲಸ ಮಾಡುವ ಸ್ಟಾಫ್ ನರ್ಸ್. ಈ ಪತ್ರವನ್ನು ಮೇಲಧಿಕಾರಿಯೊಬ್ಬರ ಕೈಗೆ ಕೊಟ್ಟು ಸುಮ್ಮನಾಗದೆ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ, ಯಾಕಂದರೆ ಇದು ಒಂದು ಆಸ್ಪತ್ರೆಯ ವಿಷಯ ಅಲ್ಲ. ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾ ವಾರ್ಡಿನಲ್ಲಿ ಕಾಣಿಸಿಕೊಂಡಾಗ ಹೆಚ್ಚು ಕಡಿಮೆ ಎಲ್ಲ ಕಡೆಯೂ ಮೊದಲು ಬರುವ ಪ್ರಶ್ನೆ ಒಂದೇ: ಇದನ್ನು ಯಾರು ತಂದರು? ಆ ಪ್ರಶ್ನೆ ಕೇಳಿದ ಕೂಡಲೇ ಎಲ್ಲರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ಕೈಯಲ್ಲಿ ಹುಣ್ಣಾದ ನರ್ಸ್ ಅದನ್ನು ಮರೆಮಾಡುತ್ತಾಳೆ, ವಾರಗಟ್ಟಲೆ ಕೆಮ್ಮುತ್ತಿರುವ ವಾರ್ಡ್ ಬಾಯ್ ಸಿರಪ್ ಕುಡಿದು ಡ್ಯೂಟಿಗೆ ಬರುತ್ತಾನೆ, ಡಾಕ್ಟರು ರಿಪೋರ್ಟನ್ನು ಫೈಲಿಗೆ ಸೇರಿಸಿ ಮಾತು ಬದಲಿಸುತ್ತಾರೆ. ಅಷ್ಟರಲ್ಲಿ ಸೋಂಕು ಪಕ್ಕದ ಹಾಸಿಗೆಗೆ ಹೋಗಿರುತ್ತದೆ.

ನನ್ನ ಕೋರಿಕೆ ಇಷ್ಟೇ. ಆ ಪ್ರಶ್ನೆಯನ್ನು ಬಿಡಿ. ಅದರ ಬದಲು ಹೇಗೆ ಹರಡಿತು ಅಂತ ಕೇಳಿ, ಬಂದ ಉತ್ತರಕ್ಕೆ ತಕ್ಕ ಹಾಗೆ ದುಡ್ಡು, ಜನ, ಸಮಯ ಮೂರನ್ನೂ ಕೊಡಿ.

ಮೊದಲು ನಾವು ದಿನಾ ನೋಡುವುದು ಏನು ಅಂತ ಹೇಳುತ್ತೇನೆ. ವೆಂಟಿಲೇಟರ್ ಮೇಲಿರುವ ರೋಗಿಗೆ ಜ್ವರ ಏರುತ್ತದೆ, ಬಿಪಿ ಇಳಿಯುತ್ತದೆ. ರಕ್ತ ತೆಗೆದು ಕಲ್ಚರ್‌ಗೆ, ಅಂದರೆ ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸುತ್ತೇವೆ. ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಔಷಧಿ ತಾಗುತ್ತದೆ ಅಂತ ಪೂರ್ತಿ ಗೊತ್ತಾಗಲು ಸಾಮಾನ್ಯವಾಗಿ ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ಅಂದಾಜಿನ ಮೇಲೆ ಒಂದು ಆಂಟಿಬಯೋಟಿಕ್ ಓಡುತ್ತಿರುತ್ತದೆ. ಆಮೇಲೆ ರಿಪೋರ್ಟ್ ಬರುತ್ತದೆ. ಎಡಗಡೆ ಔಷಧಿಗಳ ಹೆಸರು ಸಾಲಾಗಿ, ಬಲಗಡೆ ಒಂದೊಂದೇ ಅಕ್ಷರ. ಎಸ್ ಅಂದರೆ ಔಷಧಿ ಕೆಲಸ ಮಾಡುತ್ತದೆ, ಆರ್ ಅಂದರೆ ಮಾಡುವುದಿಲ್ಲ. ಮೇಲಿನಿಂದ ಕೆಳಕ್ಕೆ ಬೆರಳಿಟ್ಟು ಓದುತ್ತಾ ಹೋದರೆ ಆರ್, ಆರ್, ಆರ್, ಆರ್. ತುಂಬಾ ಬಲವಾದ ಆಂಟಿಬಯೋಟಿಕ್ ಆದ ಮೆರೊಪೆನೆಮ್ ಎದುರಿಗೂ ಆರ್. ಅಷ್ಟು ಹೊತ್ತೂ ನಾವು ರೋಗಿಯ ರಕ್ತನಾಳಕ್ಕೆ ಹಾಕುತ್ತಿದ್ದದ್ದು ಅದನ್ನೇ. ಕೊನೆಗೆ ಕೊಲಿಸ್ಟಿನ್ ಒಂದು ಉಳಿಯುತ್ತದೆ. ಅದು 1940ರ ದಶಕದಲ್ಲಿ ಸಿಕ್ಕ ಔಷಧಿ. ಕಿಡ್ನಿಗೆ, ನರಗಳಿಗೆ ತೊಂದರೆ ಮಾಡುತ್ತದೆ ಅಂತ ಡಾಕ್ಟರುಗಳು ಒಂದು ಕಾಲದಲ್ಲಿ ಪಕ್ಕಕ್ಕೆ ಇಟ್ಟಿದ್ದರು. ಬೇರೆ ಏನೂ ಉಳಿಯದೆ ಹೋದಾಗ ಮತ್ತೆ ಅದನ್ನೇ ಕೈಗೆತ್ತಿಕೊಂಡರು. ಅದನ್ನು ಹಾಕಿ, ಕಿಡ್ನಿ ಹೇಗಿದೆ ಅಂತ ತಿಳಿಯಲು ದಿನಾ ರಕ್ತದ ಕ್ರಿಯಾಟಿನಿನ್ ನೋಡುತ್ತಾ, ಮೂತ್ರದ ಚೀಲದಲ್ಲಿ ಎಷ್ಟು ತುಂಬಿತು ಅಂತ ಗಂಟೆಗೊಮ್ಮೆ ಬರೆದುಕೊಳ್ಳುತ್ತಾ ಕಾಯುತ್ತೇವೆ. ಸೋಂಕು ಇಳಿದು ಕಿಡ್ನಿ ಹೋದವರನ್ನು ನೋಡಿದ್ದೇನೆ. ಎರಡೂ ಕೈಕೊಟ್ಟವರನ್ನೂ ನೋಡಿದ್ದೇನೆ.

ಆ ರೋಗಿಗಳಲ್ಲಿ ಎಷ್ಟೋ ಜನ ಈ ಸೋಂಕಿಗೆ ಅಂತ ಆಸ್ಪತ್ರೆಗೆ ಬಂದವರೇ ಅಲ್ಲ. ಅಪಘಾತ ಆಗಿ ಬಂದವರು, ಆಪರೇಷನ್ನಿಗೆ ಬಂದವರು, ತಿಂಗಳು ತುಂಬದೆ ಹುಟ್ಟಿದ ಮಕ್ಕಳು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಅಡ್ಮಿಟ್ ಆದ 100 ರೋಗಿಗಳಲ್ಲಿ ಶ್ರೀಮಂತ ದೇಶಗಳಲ್ಲಿ 7 ಜನಕ್ಕೆ, ಮಧ್ಯಮ ಮತ್ತು ಕಡಿಮೆ ಆದಾಯದ ದೇಶಗಳಲ್ಲಿ 15 ಜನಕ್ಕೆ ಆಸ್ಪತ್ರೆಯಲ್ಲೇ ಒಂದಾದರೂ ಸೋಂಕು ತಗಲುತ್ತದೆ. ಹಾಗೆ ತಗಲಿದವರಲ್ಲಿ ಸರಾಸರಿ 10ರಲ್ಲಿ ಒಬ್ಬರು ಸಾಯುತ್ತಾರೆ. ಕೈ ಶುಚಿ ಮತ್ತು ಸೋಂಕು ತಡೆಯುವ ಬೇರೆ ಕ್ರಮಗಳನ್ನು ಸರಿಯಾಗಿ ಪಾಲಿಸಿದರೆ ಇದರಲ್ಲಿ 70%ರಷ್ಟನ್ನು ತಡೆಯಬಹುದು ಅಂತ ಅದೇ ವರದಿ ಹೇಳುತ್ತದೆ. ಇನ್ನು ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾದಿಂದಲೇ ನೇರವಾಗಿ ಸತ್ತವರು 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಅಂತ ಅಂದಾಜು. ಈ ಬ್ಯಾಕ್ಟೀರಿಯಾಗಳೂ ಪಾಲುಗಾರರಾಗಿದ್ದ ಸಾವುಗಳನ್ನು ಸೇರಿಸಿದರೆ 49 ಲಕ್ಷ 50 ಸಾವಿರ. 2024ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯಲ್ಲಿ ಎಲ್ಲ ದೇಶಗಳೂ ಸೇರಿ ಈ ಸಾವುಗಳನ್ನು 2030ರೊಳಗೆ 10% ಇಳಿಸುತ್ತೇವೆ ಅಂತ ಒಪ್ಪಿಕೊಂಡಿವೆ. ಒಪ್ಪಿದ್ದು ದೊಡ್ಡವರು. ಇಳಿಸಬೇಕಾಗಿರುವುದು ವಾರ್ಡುಗಳಲ್ಲಿ.

ಈಗ ಸಿಬ್ಬಂದಿಯ ವಿಷಯಕ್ಕೆ ಬರುತ್ತೇನೆ. ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ.

ಬ್ಯಾಕ್ಟೀರಿಯಾ ಮೈಮೇಲೆ ಇರುವುದು ಬೇರೆ, ಅದರಿಂದ ಕಾಯಿಲೆ ಆಗುವುದು ಬೇರೆ. ಸ್ಟ್ಯಾಫಿಲೊಕಾಕಸ್ ಆರಿಯಸ್ ಅನ್ನುವ ಬ್ಯಾಕ್ಟೀರಿಯಾ ಆರೋಗ್ಯವಾಗಿರುವವರಲ್ಲೂ ಹೆಚ್ಚು ಕಡಿಮೆ ಮೂವರಲ್ಲಿ ಒಬ್ಬರ ಮೂಗಿನಲ್ಲಿ ಇರುತ್ತದೆ. ಏನೂ ತೊಂದರೆ ಮಾಡದೆ ಇರುತ್ತದೆ. ಅದರಲ್ಲೇ ಔಷಧಿಗೆ ಜಗ್ಗದ ಜಾತಿ ಎಂಆರ್‌ಎಸ್‌ಎ. ಮೆಥಿಸಿಲಿನ್ ಅನ್ನುವ ಆಂಟಿಬಯೋಟಿಕ್ ಬಳಕೆಗೆ ಬಂದು ಒಂದೆರಡು ವರ್ಷ ಆಗುವಷ್ಟರಲ್ಲಿ, 1961ರಲ್ಲೇ ಬ್ರಿಟನ್ನಿನಲ್ಲಿ ಅದು ಪತ್ತೆಯಾಗಿತ್ತು. ಇದು ನರ್ಸಿನ ಮೂಗಿನಲ್ಲೂ ಇರಬಹುದು, ಸರ್ಜನ್ನಿನ ಮೂಗಿನಲ್ಲೂ ಇರಬಹುದು, ರೋಗಿಯನ್ನು ನೋಡಲು ಬಂದ ನೆಂಟರ ಮೂಗಿನಲ್ಲೂ ಇರಬಹುದು. ಹಾಗಂತ ಅವರು ತಪ್ಪು ಮಾಡಿದ್ದಾರಾ? ಇಲ್ಲ. ಎಷ್ಟೋ ಸಲ ರೋಗಿಯಿಂದಲೇ ನರ್ಸಿಗೆ ಬಂದಿರುತ್ತದೆ, ಅವಳು ಆ ರೋಗಿಯ ಹುಣ್ಣು ತೊಳೆಯುತ್ತಿದ್ದದ್ದರಿಂದ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬಳ ಮುಂಗೈ ಮೇಲೆ ಒಂದು ಕುರು ಎದ್ದಿತ್ತು. ಸುತ್ತ ಕೆಂಪಾಗಿ, ಮುಟ್ಟಿದರೆ ಬಿಸಿ ತಾಗುವಷ್ಟು ಉರಿ. ಅವಳು ಅದಕ್ಕೆ ಗಾಜ್ ಸುತ್ತಿ, ಮೇಲೆ ಮೈಕ್ರೊಪೋರ್ ಅಂಟಿಸಿ, ಯೂನಿಫಾರ್ಮಿನ ಮೇಲೊಂದು ಉದ್ದ ತೋಳಿನ ಕೋಟು ಹಾಕಿಕೊಂಡು ಡ್ಯೂಟಿ ಮಾಡಿದಳು. ಇನ್‌ಚಾರ್ಜ್ ಸಿಸ್ಟರಿಗೆ ಹೇಳು ಅಂದೆ. "ಹೇಳಿದರೆ ಸ್ವಾಬ್ ತೆಗೀತಾರೆ, ಪಾಸಿಟಿವ್ ಬಂದರೆ ಮನೇಲಿ ಕೂರಿಸ್ತಾರೆ, ಸಂಬಳ ಯಾರು ಕೊಡ್ತಾರೆ? ಆಮೇಲೆ ವಾರ್ಡಿಗೆ ಕಾಯಿಲೆ ತಂದವಳು ಅಂತ ನನ್ನ ಹೆಸರೇ ಉಳಿಯುತ್ತೆ" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಹೇಳಿದ್ದು ನಿಜವೇ ಆಗಿತ್ತು. ಅವಳಿಗಿಂತ ಮುಂಚೆ ಪಾಸಿಟಿವ್ ಬಂದವಳಿಗೆ ಆಗಿದ್ದೂ ಅದೇ. ರಜೆ ಕಳೆದು, ಸಂಬಳ ಕಡಿತ ಆಗಿ, ವಾಪಸ್ ಬಂದಾಗ ಅವಳ ಪಕ್ಕ ಕೂತು ಊಟ ಮಾಡಲು ಜನ ಹಿಂದೆ ಮುಂದೆ ನೋಡುತ್ತಿದ್ದರು.

ನೋಡಿ, ಅವಳಿಗೆ ಬೇಕಾಗಿದ್ದ ಚಿಕಿತ್ಸೆ ದೊಡ್ಡದೇನೂ ಅಲ್ಲ. ಕುರುವನ್ನು ಸೀಳಿ ಕೀವು ತೆಗೆಯಬೇಕು, ಬೇಕಾದರೆ ಅದಕ್ಕೆ ತಾಗುವ ಔಷಧಿ ಕೊಡಬೇಕು. ಮೂಗಿನಲ್ಲಿ ಬ್ಯಾಕ್ಟೀರಿಯಾ ಇದ್ದರೆ ಸಾಮಾನ್ಯವಾಗಿ ಐದು ದಿನ ಮುಪಿರೋಸಿನ್ ಮುಲಾಮು, ಜೊತೆಗೆ ಕ್ಲೋರ್‌ಹೆಕ್ಸಿಡಿನ್ ಅನ್ನುವ ಸೋಂಕು ನಿವಾರಕ ಹಾಕಿ ಸ್ನಾನ. ಕೆಲವರಲ್ಲಿ ಅದು ಮರಳಿ ಬರುತ್ತದೆ, ಆಗ ಮನೆಯವರನ್ನೂ ನೋಡಬೇಕಾಗುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಎಂಆರ್‌ಎಸ್‌ಎ ಇರುವವರನ್ನು, ರೋಗಿಯಾಗಲಿ ಸಿಬ್ಬಂದಿಯಾಗಲಿ, ಹುಡುಕಿ ಚಿಕಿತ್ಸೆ ಕೊಡುವ ಪದ್ಧತಿ ದಶಕಗಳಿಂದ ಇದೆ. ಸಿಬ್ಬಂದಿಗೆ ಪಾಸಿಟಿವ್ ಬಂದರೆ ಗುಣವಾಗುವವರೆಗೆ ರೋಗಿಗಳ ಹತ್ತಿರ ಬಿಡುವುದಿಲ್ಲ. ಅಲ್ಲಿ ಎಂಆರ್‌ಎಸ್‌ಎ ಪ್ರಮಾಣ ಯುರೋಪಿನಲ್ಲೇ ತೀರ ಕಡಿಮೆ ಇರುವ ಕಡೆಗಳಲ್ಲಿ ಒಂದು. ಎಲ್ಲ ಕಡೆ ಅದನ್ನೇ ನಕಲು ಮಾಡಿ ಅಂತ ನಾನು ಹೇಳುವುದಿಲ್ಲ. ಸೋಂಕು ಆಗಲೇ ತುಂಬಾ ಹರಡಿರುವ ಕಡೆ ಎಲ್ಲರ ಮೂಗಿಗೂ ಸ್ವಾಬ್ ಹಾಕುತ್ತಾ ಹೋದರೆ ಪ್ರಯೋಜನ ಕಡಿಮೆ. ಆದರೆ ಎಲ್ಲಿಯೇ ಆಗಲಿ, ಪರೀಕ್ಷೆ ಮಾಡುವ ಮೊದಲು ಪಾಸಿಟಿವ್ ಬಂದರೆ ಏನು ಮಾಡುತ್ತೇವೆ ಅನ್ನುವುದನ್ನು ಬರೆದಿಟ್ಟಿರಬೇಕು. ಸಂಬಳ ಕಡಿತ ಆಗದ ರಜೆ, ಖರ್ಚಿಲ್ಲದ ಚಿಕಿತ್ಸೆ, ಗುಟ್ಟಾಗಿ ಇಡುವ ರಿಪೋರ್ಟ್. ಈ ಮೂರೂ ಇಲ್ಲದೆ ಸ್ವಾಬ್ ತೆಗೆದರೆ ಅದು ಶಿಕ್ಷೆ ಆಗುತ್ತದೆ, ಮುಂದಿನ ಸಲ ಯಾರೂ ಮುಂದೆ ಬರುವುದಿಲ್ಲ.

ಎಂಆರ್‌ಎಸ್‌ಎಗಿಂತ ನಮ್ಮನ್ನು ಹೆದರಿಸುವುದು ಔಷಧಿಗೆ ಜಗ್ಗದ ಟಿಬಿ. ದಕ್ಷಿಣ ಆಫ್ರಿಕಾದ ಕ್ವಾಜುಲು ನಟಾಲ್ ಪ್ರಾಂತ್ಯದ ಟುಗೆಲಾ ಫೆರಿ ಅನ್ನುವಲ್ಲಿ 2005 ಮತ್ತು 2006ರಲ್ಲಿ ಆಗಿದ್ದನ್ನು ಆಸ್ಪತ್ರೆ ನಡೆಸುವ ಪ್ರತಿಯೊಬ್ಬರೂ ಒಂದು ಸಲ ಓದಬೇಕು. ಅಲ್ಲಿ ಅತಿ ತೀವ್ರವಾಗಿ ಔಷಧಿಗೆ ಜಗ್ಗದ ಟಿಬಿ, ಅಂದರೆ ಎಕ್ಸ್‌ಡಿಆರ್ ಟಿಬಿ, 53 ಜನರಲ್ಲಿ ಸಿಕ್ಕಿತು. ಅದರಲ್ಲಿ 52 ಜನ ಸತ್ತರು. ಕಫ ಪರೀಕ್ಷೆಗೆ ಕೊಟ್ಟ ದಿನದಿಂದ ಲೆಕ್ಕ ಹಾಕಿದರೆ ಅರ್ಧದಷ್ಟು ಜನ ಸುಮಾರು 16 ದಿನದೊಳಗೇ ಹೋಗಿಬಿಟ್ಟಿದ್ದರು. ಪರೀಕ್ಷೆ ಆದವರೆಲ್ಲರಿಗೂ ಎಚ್‌ಐವಿ ಇತ್ತು, ಹಾಗಾಗಿ ದೇಹ ಮೊದಲೇ ಸೋತಿತ್ತು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅದಕ್ಕೆ ಮುಂಚೆ ಟಿಬಿ ಔಷಧಿ ತೆಗೆದುಕೊಂಡವರೇ ಅಲ್ಲ. ಅಂದರೆ ಮಾತ್ರೆ ಅರ್ಧಕ್ಕೆ ಬಿಟ್ಟು ರೋಗವನ್ನು ಗಟ್ಟಿ ಮಾಡಿಕೊಂಡರು ಅಂತ ಅವರನ್ನು ದೂರುವ ಹಾಗಿಲ್ಲ. ಬೇರೆಯವರಿಂದ ನೇರವಾಗಿ ಅವರಿಗೆ ಬಂತು, ಬಹಳಷ್ಟು ಜನಕ್ಕೆ ಆಸ್ಪತ್ರೆಯಲ್ಲೇ ಬಂದಿರಬೇಕು. ಸತ್ತವರಲ್ಲಿ ಆರೋಗ್ಯ ಸಿಬ್ಬಂದಿಯೂ ಇದ್ದರು.

ಟಿಬಿ ಗಾಳಿಯಲ್ಲಿ ಬರುವುದು. ಕೈ ಎಷ್ಟು ತೊಳೆದರೂ ಅದು ನಿಲ್ಲುವುದಿಲ್ಲ. ಕಿಟಕಿ ಬೇಕು, ಗಾಳಿ ಆಡಬೇಕು, ಕೆಮ್ಮುವ ರೋಗಿಯನ್ನು ಬೇಗ ಗುರುತಿಸಿ ಬೇರೆ ಮಲಗಿಸಬೇಕು, ನಮಗೆ ಎನ್95 ಮಾಸ್ಕ್ ಬೇಕು. ಆ ಮಾಸ್ಕು ಪ್ರತಿಯೊಬ್ಬರ ಮುಖಕ್ಕೆ ಸರಿಯಾಗಿ ಕೂರುತ್ತದಾ ಅಂತ ಪರೀಕ್ಷಿಸಿ ಕೊಡಬೇಕು, ಕೆನ್ನೆಯ ಪಕ್ಕದಿಂದ ಗಾಳಿ ನುಗ್ಗುವ ಮಾಸ್ಕು ಸುಮ್ನೆ ಧೈರ್ಯಕ್ಕೆ ಅಷ್ಟೇ. ಒಳ್ಳೆಯ ಸುದ್ದಿಯೂ ಇದೆ. ಈ ಜಾತಿಯ ಟಿಬಿಗೆ ಮುಂಚೆ ಒಂದೂವರೆ ಎರಡು ವರ್ಷ ಚಿಕಿತ್ಸೆ ಬೇಕಾಗುತ್ತಿತ್ತು, ತಿಂಗಳುಗಟ್ಟಲೆ ಇಂಜೆಕ್ಷನ್, ಅದರಿಂದ ಕೆಲವರಿಗೆ ಕಿವಿಯೇ ಹೋಗುತ್ತಿತ್ತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬೆಡಾಕ್ವಿಲಿನ್ ಅನ್ನುವ ಔಷಧಿ ಇರುವ, ಬರೀ ಮಾತ್ರೆಗಳ ಆರು ತಿಂಗಳ ಚಿಕಿತ್ಸೆಗೆ ಶಿಫಾರಸು ಮಾಡಿತು. ಚಿಕಿತ್ಸೆ ಇಷ್ಟು ಸುಧಾರಿಸಿರುವಾಗ ಸಿಬ್ಬಂದಿ ಕಾಯಿಲೆ ಮುಚ್ಚಿಟ್ಟುಕೊಂಡು ಕೂರುವ ಪರಿಸ್ಥಿತಿ ಯಾಕೆ ಇರಬೇಕು ಹೇಳಿ?

ಹೇಗೆ ಹರಡಿತು ಅನ್ನುವ ಪ್ರಶ್ನೆ ಕೇಳಿದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 2011ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕ್ಲಿನಿಕಲ್ ಸೆಂಟರಿಗೆ ಕಾರ್ಬಪೆನೆಮ್‌ಗೆ (ಮೆರೊಪೆನೆಮ್ ಸೇರಿದ ಔಷಧಿಗಳ ಗುಂಪು) ಜಗ್ಗದ ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರುವ ಒಬ್ಬ ರೋಗಿ ಬಂದರು. ಬರುವಾಗಲೇ ಗೊತ್ತಿತ್ತು, ಪ್ರತ್ಯೇಕವಾಗಿಯೇ ಇಟ್ಟಿದ್ದರು. ಜುಲೈ ಮಧ್ಯದಲ್ಲಿ ಡಿಸ್ಚಾರ್ಜ್ ಆದರು. ಎಲ್ಲ ಮುಗಿಯಿತು ಅಂದುಕೊಂಡರು. ಮೂರು ವಾರ ಬಿಟ್ಟು ಇನ್ನೊಬ್ಬ ರೋಗಿಯಲ್ಲಿ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. ಕೊನೆಗೆ ಮೊದಲ ರೋಗಿಯೂ ಸೇರಿ ಒಟ್ಟು 18 ಜನರಲ್ಲಿ ಅದು ಸಿಕ್ಕಿತು, 11 ಜನ ಸತ್ತರು, ಅದರಲ್ಲಿ 6 ಸಾವಿಗೆ ಈ ಸೋಂಕೇ ಕಾರಣ ಅಂತ ತೀರ್ಮಾನವಾಯಿತು. ಅವರು ಪ್ರತಿ ರೋಗಿಯಿಂದ ಸಿಕ್ಕ ಬ್ಯಾಕ್ಟೀರಿಯಾದ ಪೂರ್ತಿ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ ಬರಹ, ಓದಿ, ಯಾರಿಂದ ಯಾರಿಗೆ ಹೋಗಿದೆ ಅಂತ ಹೆಜ್ಜೆ ಹಿಡಿದು ಹುಡುಕಿದರು. ಕೆಲವು ರೋಗಿಗಳು ಯಾವ ಲಕ್ಷಣವೂ ಇಲ್ಲದೆ ವಾರಗಟ್ಟಲೆ ಅದನ್ನು ಮೈಯಲ್ಲಿ ಇಟ್ಟುಕೊಂಡಿದ್ದರು ಅಂತ ಗೊತ್ತಾಯಿತು. ತೊಳೆದಿಟ್ಟಿದ್ದ ಒಂದು ವೆಂಟಿಲೇಟರಿನಲ್ಲಿ ಸಿಕ್ಕಿತು. ಸಿಂಕುಗಳ ಡ್ರೈನಿನಲ್ಲಿ ಸಿಕ್ಕಿತು. ನಾವು ಕೈ ತೊಳೆಯುವ ಸಿಂಕು! ಆ ಮೇಲೆ ಅವರು ಮಾಡಿದ್ದೂ ಹಾಗೇ ಇತ್ತು. ಸೋಂಕಿತರಿಗೆ ಪ್ರತ್ಯೇಕ ಜಾಗ ಕಟ್ಟಿದರು, ಅವರಿಗೆ ಬೇರೆ ಸಿಬ್ಬಂದಿ ಇಟ್ಟರು, ಪೈಪು ಕಿತ್ತು ತೆಗೆದರು, ಕೈ ತೊಳೆಯುವುದನ್ನು ನೋಡಿಕೊಳ್ಳಲು ಜನ ನಿಲ್ಲಿಸಿದರು. ಹೊರಗಿನ ಜನಕ್ಕೆ ಇದೆಲ್ಲ ಗೊತ್ತಾಗಿದ್ದು 2012ರಲ್ಲಿ, ಅಧ್ಯಯನ ಪ್ರಕಟವಾದಾಗ. ಅದು ತಡ ಆಯಿತು ಅನ್ನುವುದು ನನ್ನ ಅಭಿಪ್ರಾಯ. ಆದರೂ ಬರೆದು ಹಂಚಿಕೊಂಡಿದ್ದರಿಂದ ಎಷ್ಟೋ ಆಸ್ಪತ್ರೆಗಳಲ್ಲಿ ಜನ ಸಿಂಕಿನ ಕಡೆ ತಿರುಗಿ ನೋಡಿದರು. ಅಷ್ಟು ಯಂತ್ರ, ಅಷ್ಟು ತಜ್ಞರು ಇದ್ದ ಕಡೆಯೇ ಹೀಗಾದರೆ, ಒಬ್ಬ ನರ್ಸನ್ನು ನಿಲ್ಲಿಸಿ "ನೀನು ಕೈ ತೊಳೆದಿದ್ದೆಯಾ" ಅಂತ ಗದರಿಸಿ ವಿಚಾರಣೆ ಮುಗಿಸುವುದು ಯಾವ ನ್ಯಾಯ?

ಕೈ ತೊಳೆಯುವ ವಿಷಯವನ್ನೇ ತೆಗೆದುಕೊಳ್ಳಿ. ನಾನು ಅದನ್ನು ಹಗುರ ಮಾಡುತ್ತಿಲ್ಲ. ಎಲ್ಲಕ್ಕಿಂತ ಮುಖ್ಯ ಅದೇ. ರೋಗಿಯನ್ನು ಮುಟ್ಟುವ ಮೊದಲು, ಶುಚಿಯಾಗಿ ಮಾಡಬೇಕಾದ ಕೆಲಸಕ್ಕೆ ಮೊದಲು, ರಕ್ತ ಮೂತ್ರ ಕಫ ತಾಗಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ರೋಗಿಯ ಸುತ್ತಲಿನ ವಸ್ತು ಮುಟ್ಟಿದ ಮೇಲೆ. ಕೈಗೆ ಉಜ್ಜುವ ಆಲ್ಕೋಹಾಲ್ ದ್ರಾವಣ, ಅಂದರೆ ಹ್ಯಾಂಡ್‌ರಬ್ ಆದರೆ 20ರಿಂದ 30 ಸೆಕೆಂಡ್, ಸೋಪು ನೀರಾದರೆ 40ರಿಂದ 60 ಸೆಕೆಂಡ್. ಒಂದು ಗಂಟೆಯಲ್ಲಿ 20 ಸಲ ಕೈ ಶುಚಿ ಮಾಡಬೇಕಾಗಿ ಬಂತು ಅಂತ ಇಟ್ಟುಕೊಳ್ಳಿ. ಹ್ಯಾಂಡ್‌ರಬ್‌ನಲ್ಲಿ ಏಳರಿಂದ ಹತ್ತು ನಿಮಿಷ. ಸಿಂಕಿನವರೆಗೆ ನಡೆದು ಹೋಗಿ ತೊಳೆದು ಒರೆಸಿಕೊಂಡು ಬರುವುದಾದರೆ ಇಪ್ಪತ್ತು ನಿಮಿಷಕ್ಕೂ ಜಾಸ್ತಿ. ಅದನ್ನು ಡ್ಯೂಟಿ ಪಟ್ಟಿ ಮಾಡುವಾಗ ಯಾರಾದರೂ ಲೆಕ್ಕಕ್ಕೆ ಹಿಡಿಯುತ್ತೀರಾ?

ನೈಟ್ ಡ್ಯೂಟಿಯಲ್ಲಿ ನಾನು ಒಬ್ಬರಿಗೆ ಸಕ್ಷನ್ ಮಾಡುತ್ತಿರುತ್ತೇನೆ. ಗ್ಲೌಸ್ ತುಂಬ ಕಫ. ಪಕ್ಕದ ಹಾಸಿಗೆಯ ಮಾನಿಟರ್ ಕೂಗಲು ಶುರು ಮಾಡುತ್ತದೆ, ನೋಡಿದರೆ ಆಕ್ಸಿಜನ್ ಇಳಿಯುತ್ತಿದೆ, ಆ ಕಡೆ ನೋಡಿಕೊಳ್ಳಬೇಕಾದ ನರ್ಸ್ ಇನ್ನೊಬ್ಬ ರೋಗಿಯನ್ನು ಸ್ಕ್ಯಾನಿಂಗಿಗೆ ಕರೆದುಕೊಂಡು ಹೋಗಿದ್ದಾಳೆ. ಸಕ್ಷನ್ ಟ್ಯೂಬು ಹೊರಗೆಳೆದು, ಗ್ಲೌಸ್ ಕಿತ್ತು ಬಕೆಟ್ಟಿಗೆ ಹಾಕಿ, ಹ್ಯಾಂಡ್‌ರಬ್ ಬಾಟಲಿ ಒತ್ತಿದರೆ ಬರೀ ಗಾಳಿ ಬರುತ್ತದೆ. ಖಾಲಿ. ಇನ್ನೊಂದು ಬಾಟಲಿ ನರ್ಸಿಂಗ್ ಸ್ಟೇಷನ್ನಿನಲ್ಲಿದೆ. ರೋಗಿ ನೀಲಿಯಾಗುತ್ತಿದ್ದಾರೆ. ಈಗ ಹೇಳಿ, ಸ್ಟೇಷನ್ನಿಗೆ ಹೋಗಬೇಕಾ, ಹಾಸಿಗೆಗೆ ಹೋಗಬೇಕಾ? ಯಾವ ನರ್ಸನ್ನು ಕೇಳಿದರೂ ಒಂದೇ ಉತ್ತರ ಬರುತ್ತದೆ. ಆ ಹೊತ್ತಿನಲ್ಲಿ ಬ್ಯಾಕ್ಟೀರಿಯಾ ದಾಟಿದರೆ ಅದಕ್ಕೆ ಅವಳ ಸ್ವಭಾವ ಕಾರಣ ಅಲ್ಲ. ಖಾಲಿ ಬಾಟಲಿ ಕಾರಣ, ಒಬ್ಬರೇ ಇದ್ದದ್ದು ಕಾರಣ.

ಇದು ನನ್ನ ಅನುಭವದ ಮಾತು ಮಾತ್ರ ಅಲ್ಲ. ಜಿನೀವಾದ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ಡಿಡಿಯೆ ಪಿಟ್ಟೆ ಅನ್ನುವ ಡಾಕ್ಟರು ಮತ್ತು ಅವರ ತಂಡ 1994ರಲ್ಲಿ ನೋಡಿದಾಗ, ಕೈ ಶುಚಿ ಮಾಡಬೇಕಾದ ಸಂದರ್ಭಗಳಲ್ಲಿ 48% ಮಾತ್ರ ಆಗುತ್ತಿತ್ತು. ಕೆಲಸದ ಒತ್ತಡ ಜಾಸ್ತಿ ಆದಷ್ಟೂ ಕೈ ಶುಚಿ ಕಡಿಮೆ ಆಗುತ್ತಿತ್ತು. ಅವರು ಯಾರಿಗೂ ನೋಟೀಸು ಕೊಡಲಿಲ್ಲ. ಹಾಸಿಗೆ ಹಾಸಿಗೆಗೆ ಹ್ಯಾಂಡ್‌ರಬ್ ಬಾಟಲಿ ಇಟ್ಟರು, ಸಿಬ್ಬಂದಿಯನ್ನೇ ಸೇರಿಸಿಕೊಂಡು ಪೋಸ್ಟರ್ ಮಾಡಿದರು, ಎಷ್ಟು ಸುಧಾರಿಸಿತು ಅಂತ ಆಗಾಗ ಅವರಿಗೇ ತೋರಿಸಿದರು, ಆಡಳಿತ ಅದರ ಹಿಂದೆ ನಿಂತಿತು. 1997ರ ಹೊತ್ತಿಗೆ ಅದು 66%ಗೆ ಏರಿತು. ಆಸ್ಪತ್ರೆಯಲ್ಲಿ ತಗಲುವ ಸೋಂಕು 16.9%ರಿಂದ 9.9%ಗೆ ಇಳಿಯಿತು. ಎಂಆರ್‌ಎಸ್‌ಎ ಹರಡುವುದೂ ಅರ್ಧಕ್ಕಿಂತ ಕೆಳಗೆ ಬಂತು. ಒಂದು ಬಾಟಲಿ ಎಲ್ಲಿ ಇರುತ್ತದೆ ಅನ್ನುವುದರ ಮೇಲೆ ಇಷ್ಟೆಲ್ಲ ನಿಂತಿದೆ.

ಇನ್ನೊಂದು ಕಥೆ ಅಮೆರಿಕದ ಮಿಷಿಗನ್ ರಾಜ್ಯದ್ದು. ಪೀಟರ್ ಪ್ರೊನೊವೊಸ್ಟ್ ಅನ್ನುವ ಡಾಕ್ಟರು ನೂರಕ್ಕೂ ಜಾಸ್ತಿ ಐಸಿಯುಗಳಲ್ಲಿ ಸೆಂಟ್ರಲ್ ಲೈನ್, ಅಂದರೆ ದೊಡ್ಡ ರಕ್ತನಾಳಕ್ಕೆ ಇಳಿಸುವ ಟ್ಯೂಬು, ಹಾಕುವಾಗ ಐದು ಸರಳ ಕೆಲಸ ಮಾಡಿಸಿದರು. ಕೈ ತೊಳೆಯುವುದು, ರೋಗಿಯನ್ನು ಪೂರ್ತಿ ಮುಚ್ಚಿ ತಾವು ಗೌನು ಮಾಸ್ಕು ಹಾಕಿಕೊಳ್ಳುವುದು, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್‌ನಿಂದ ಒರೆಸುವುದು, ಆದಷ್ಟು ತೊಡೆಸಂದಿಯಲ್ಲಿ ಹಾಕದಿರುವುದು, ಬೇಡವಾದ ಲೈನನ್ನು ತೆಗೆದುಬಿಡುವುದು. 2006ರಲ್ಲಿ ಬಂದ ಫಲಿತಾಂಶದಲ್ಲಿ ಸೆಂಟ್ರಲ್ ಲೈನಿನಿಂದ ಆಗುವ ರಕ್ತದ ಸೋಂಕು ಒಂದೂವರೆ ವರ್ಷದಲ್ಲಿ 66%ರಷ್ಟು ಕಡಿಮೆಯಾಗಿತ್ತು. ಎಲ್ಲರೂ ಆ ಐದರ ಚೆಕ್‌ಲಿಸ್ಟನ್ನು ಹೊಗಳುತ್ತಾರೆ. ನನಗೆ ಅದರಲ್ಲಿ ಮುಖ್ಯ ಅನ್ನಿಸುವುದು ಬೇರೆ. ಡಾಕ್ಟರು ಒಂದು ಹೆಜ್ಜೆ ತಪ್ಪಿಸಿದರೆ, ತುರ್ತು ಇಲ್ಲದಿದ್ದರೆ, ಪಕ್ಕದಲ್ಲಿ ನಿಂತ ನರ್ಸ್ "ನಿಲ್ಲಿಸಿ ಸರ್" ಅನ್ನಬಹುದು, ಆಡಳಿತ ನರ್ಸಿನ ಪರ ನಿಲ್ಲುತ್ತದೆ ಅಂತ ಮೊದಲೇ ಹೇಳಿತ್ತು. ಈ ಒಂದು ಅಧಿಕಾರ ನಮ್ಮಲ್ಲಿ ಎಷ್ಟು ಜನಕ್ಕೆ ಇದೆ? ರೌಂಡ್ಸ್‌ನಲ್ಲಿ ದೊಡ್ಡ ಡಾಕ್ಟರು ಒಬ್ಬ ರೋಗಿಯ ಹೊಟ್ಟೆ ಒತ್ತಿ ನೋಡಿ, ಅದೇ ಕೈಯಲ್ಲಿ ಮುಂದಿನವರ ಡ್ರೆಸ್ಸಿಂಗ್ ಬಿಚ್ಚುವಾಗ, ಹಿಂದೆ ನಿಂತಿರುವ ಹತ್ತು ಜನಕ್ಕೂ ಕಾಣುತ್ತಿರುತ್ತದೆ. ಯಾರೂ ಬಾಯಿ ತೆರೆಯುವುದಿಲ್ಲ.

ಸ್ವಚ್ಛತೆ ಮಾಡುವವರನ್ನಂತೂ ಪೂರ್ತಿ ಮರೆತುಬಿಟ್ಟಿದ್ದೇವೆ. ಅಸಿನೆಟೊಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ ಒಣಗಿದ ಮಂಚದ ಕಂಬಿ ಮೇಲೆ, ಇನ್‌ಫ್ಯೂಷನ್ ಪಂಪಿನ ಗುಂಡಿ ಮೇಲೆ ವಾರಗಟ್ಟಲೆ ಬದುಕಿರಬಲ್ಲದು. ಅಂದರೆ ಸೋಂಕಿದ್ದ ರೋಗಿ ಹೋದ ಮೇಲೂ ಆ ಹಾಸಿಗೆಯಲ್ಲಿ ಅದು ಕಾಯುತ್ತಿರುತ್ತದೆ. ಅದನ್ನು ತೆಗೆಯುವುದು ಆಯಾಗಳ, ಹೌಸ್‌ಕೀಪಿಂಗ್‌ನವರ ಕೈಯಲ್ಲಿದೆ. ಸೋಂಕು ನಿವಾರಕ ದ್ರಾವಣ ಹಾಕಿದ ಮೇಲೆ ಮೇಲ್ಮೈ ಕೆಲವು ನಿಮಿಷ ಒದ್ದೆಯಾಗೇ ಇರಬೇಕು, ಆಗ ಮಾತ್ರ ಅದು ಕೆಲಸ ಮಾಡುತ್ತದೆ, ಎಷ್ಟು ನಿಮಿಷ ಅಂತ ಡಬ್ಬದ ಮೇಲೆ ಬರೆದಿರುತ್ತದೆ. ಇದನ್ನು ಅವರಿಗೆ ಯಾರು ಹೇಳಿಕೊಟ್ಟಿದ್ದಾರೆ? ಹೊಸ ರೋಗಿ ಕೆಳಗೆ ಸ್ಟ್ರೆಚರಿನಲ್ಲಿ ಕಾಯುತ್ತಿದ್ದಾರೆ, ಬೇಗ ಬೇಗ ಅಂತ ಅವಸರ ಮಾಡಿದರೆ ಅವರಾದರೂ ಏನು ಮಾಡಬೇಕು? ಗುತ್ತಿಗೆ ಕೆಲಸ, ತಿಂಗಳಿಗೊಬ್ಬರು ಬದಲಾಗುತ್ತಾರೆ, ಪ್ರತಿ ಸಲ ತರಬೇತಿ ಶೂನ್ಯದಿಂದ ಶುರು. ಔಷಧಿಗೆ ಜಗ್ಗದ ಸೋಂಕು ಇರುವ ಕೋಣೆಗೆ ಅವರನ್ನು ಕಳಿಸುವಾಗ ಒಳಗೆ ಏನಿದೆ ಅಂತಲೂ ಹೇಳದೆ ಕಳಿಸುವುದನ್ನು ನೋಡಿದ್ದೇನೆ. ಅವರಿಗೂ ಮನೆ ಇದೆ, ಮಕ್ಕಳಿದ್ದಾರೆ.

ಡಾಕ್ಟರುಗಳಿಗೆ ಎರಡು ಮಾತು, ಬೇಸರ ಮಾಡಿಕೊಳ್ಳಬೇಡಿ. ಆಂಟಿಬಯೋಟಿಕ್ ಹಾಕಿದಾಗ ತಾಗುವ ಬ್ಯಾಕ್ಟೀರಿಯಾ ಸಾಯುತ್ತದೆ, ತಾಗದ್ದು ಉಳಿದು ಬೆಳೆಯುತ್ತದೆ. ಅದರ ಮೇಲೆ, ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾಗಳು ಔಷಧಿ ತಡೆಯುವ ಜೀನನ್ನು ಪ್ಲಾಸ್ಮಿಡ್ ಅನ್ನುವ ಡಿಎನ್‌ಎಯ ಸಣ್ಣ ಉಂಗುರದ ಮೂಲಕ ಬೇರೆ ಜಾತಿಯ ಬ್ಯಾಕ್ಟೀರಿಯಾಗೂ ಕೊಡುತ್ತವೆ. ಕೊಲಿಸ್ಟಿನ್ನನ್ನು ತಡೆಯುವ, ಹೀಗೇ ಬ್ಯಾಕ್ಟೀರಿಯಾದಿಂದ ಬ್ಯಾಕ್ಟೀರಿಯಾಗೆ ದಾಟುವ ಜೀನೂ ಇದೆ ಅಂತ 2015ರಲ್ಲಿ ಚೀನಾದಿಂದ ವರದಿ ಬಂತು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಪೆನಿಸಿಲಿನ್ನನ್ನು ಸಾಲದಷ್ಟು ಪ್ರಮಾಣದಲ್ಲಿ ಕೊಟ್ಟರೆ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಳ್ಳುತ್ತವೆ ಅಂತ ಎಚ್ಚರಿಸಿದ್ದರು. ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಿದ್ದರೂ ಕಲ್ಚರ್ ತೆಗೆಯುವ ಮೊದಲೇ ಮೊದಲ ಡೋಸ್ ಹೋಗಿರುತ್ತದೆ. ಎರಡು ಮೂರು ದಿನ ಬಿಟ್ಟು ರಿಪೋರ್ಟ್ ನೋಡಿ ಔಷಧಿ ಬದಲಿಸುವುದು, ನಿಲ್ಲಿಸುವುದು ಆಗಬೇಕು, ಆದರೆ ಚಾರ್ಟಿನಲ್ಲಿ ಅದೇ ಹೆಸರು ಮುಂದುವರಿಯುತ್ತದೆ. ಬಹುಪಾಲು ಆಪರೇಷನ್ನುಗಳಿಗೆ ಮುಂಚೆ ಕೊಡುವ ಒಂದು ಡೋಸ್ ಸಾಕು, ಆದರೂ ಗಾಯದಿಂದ ದ್ರವ ಹೊರಗೆ ಬಿಡುವ ಡ್ರೈನ್ ಟ್ಯೂಬು ಇದೆ ಅಂತ ಐದು ದಿನ ಓಡುತ್ತದೆ. ನಿಲ್ಲಿಸಿದರೆ ಏನಾದರೂ ಆದೀತು ಅನ್ನುವ ಭಯ ನಿಮಗೂ ಇದೆ ಅಂತ ನನಗೆ ಅರ್ಥ ಆಗುತ್ತದೆ. ಆ ಭಯದಲ್ಲಿ ನಿಮ್ಮನ್ನು ಒಂಟಿಯಾಗಿ ಬಿಡದೆ ಮೈಕ್ರೊಬಯಾಲಜಿಸ್ಟ್ ದಿನಾ ರೌಂಡ್ಸ್‌ಗೆ ಬರುವ ವ್ಯವಸ್ಥೆ ಬೇಕು ಅಂತ ನೀವೂ ಕೇಳಿ, ನಾವು ಜೊತೆಗೆ ನಿಲ್ಲುತ್ತೇವೆ.

ಇದನ್ನು ಓದುತ್ತಿರುವ ರೋಗಿಗಳ ಮನೆಯವರಿಗೂ ಹೇಳುತ್ತೇನೆ. ಸಿಸ್ಟರ್, ಕೈ ತೊಳೆದಿದ್ದೀರಾ ಅಂತ ಕೇಳಿ. ನಮಗೆ ಬೇಜಾರಾಗುವುದಿಲ್ಲ, ಧೈರ್ಯವಾಗಿ ಕೇಳಿ. ಮೂತ್ರದ ಟ್ಯೂಬು (ಕ್ಯಾತಿಟರ್) ಇನ್ನೂ ಬೇಕಾ, ಇವತ್ತು ತೆಗೆಯಬಹುದಾ ಅಂತ ಪ್ರತಿ ದಿನ ಕೇಳಿ, ಒಳಗೆ ಇದ್ದಷ್ಟು ದಿನವೂ ಸೋಂಕಿನ ಅಪಾಯ ಏರುತ್ತಾ ಹೋಗುತ್ತದೆ. ಕಲ್ಚರ್ ರಿಪೋರ್ಟಿನ ಕಾಪಿ ಇಟ್ಟುಕೊಳ್ಳಿ, ಬೇರೆ ಆಸ್ಪತ್ರೆಗೆ ಹೋಗುವಾಗ ಅದನ್ನು ಮೊದಲು ತೋರಿಸಿ. ನಿಮ್ಮವರನ್ನು ಪ್ರತ್ಯೇಕ ಕೋಣೆಗೆ ಹಾಕಿದರೆ ಅವಮಾನ ಅಂದುಕೊಳ್ಳಬೇಡಿ. ನೋಡಿ ಹೋಗುವಾಗ ನೀವೂ ಕೈ ಶುಚಿ ಮಾಡಿಕೊಳ್ಳಿ, ಒಂದು ಹಾಸಿಗೆಯಿಂದ ಇನ್ನೊಂದು ಹಾಸಿಗೆಗೆ ಮಾತಾಡಿಸಿಕೊಂಡು ಹೋಗಬೇಡಿ.

ಮತ್ತೆ ಆಡಳಿತದವರಿಗೆ. ನಿಮ್ಮ ಕೈಯಲ್ಲಿ ಇರುವ ಕೆಲಸಗಳನ್ನು ಮಾತ್ರ ಕೇಳುತ್ತಿದ್ದೇನೆ. ಪ್ರತಿ ತಿಂಗಳು ಯಾವ ವಾರ್ಡಿನಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟು ಜನರಲ್ಲಿ ಸಿಕ್ಕಿತು, ಯಾವ ಔಷಧಿ ಇನ್ನೂ ತಾಗುತ್ತಿದೆ ಅನ್ನುವುದನ್ನು ಆ ವಾರ್ಡಿನವರಿಗೇ ಕೊಡಿ. ಈಗ ಆ ಅಂಕಿಗಳು ಸಮಿತಿಯ ಫೈಲಿನಲ್ಲಿ ಇರುತ್ತವೆ, ಹಾಸಿಗೆ ಪಕ್ಕದಲ್ಲಿ ನಿಂತವರಿಗೆ ಗೊತ್ತಿರುವುದಿಲ್ಲ. ಹ್ಯಾಂಡ್‌ರಬ್, ಗ್ಲೌಸ್, ಎನ್95 ತಿಂಗಳ ಕೊನೆಗೆ ಖಾಲಿ ಆಗದ ಹಾಗೆ ಇಂಡೆಂಟ್ ಹಾಕಿ, ನೈಟ್ ಡ್ಯೂಟಿಗೆ ಸ್ಟೋರಿನ ಬೀಗದ ಕೈ ನಮಗೆ ಸಿಗಲಿ. ಐಸಿಯುನಲ್ಲಿ ಒಬ್ಬ ನರ್ಸಿಗೆ ಎಷ್ಟು ರೋಗಿ ಅಂತ ಒಂದು ಮಿತಿ ಇಡಿ, ಅದು ದಾಟಿದ ರಾತ್ರಿಗಳನ್ನು ಬರೆದಿಡಿ, ಸೋಂಕಿನ ಅಂಕಿಗಳ ಪಕ್ಕದಲ್ಲೇ ಅದನ್ನೂ ಇಟ್ಟು ನೋಡಿ. ಡ್ಯೂಟಿಯಲ್ಲಿ ಸೋಂಕು ತಗಲಿದರೆ ಅದನ್ನು ಕೆಲಸದಿಂದ ಬಂದ ಕಾಯಿಲೆ ಅಂತ ಒಪ್ಪಿಕೊಳ್ಳಿ, ಪರ್ಮನೆಂಟ್ ನೌಕರರಿಗೆ ಒಂದು, ಗುತ್ತಿಗೆಯವರಿಗೆ ಇನ್ನೊಂದು ಅಂತ ಮಾಡಬೇಡಿ. ಸೋಂಕು ಕಂಡಿದ್ದನ್ನು ಹೇಳಿದವರ ಮೇಲೆ ಕ್ರಮ ಇಲ್ಲ ಅಂತ ಲಿಖಿತವಾಗಿ ಕೊಡಿ. ಇಲಾಖೆಯವರು ಆಸ್ಪತ್ರೆಗಳನ್ನು ತಪಾಸಣೆ ಮಾಡುವಾಗ, ಸೋಂಕು ಸೊನ್ನೆ ಅಂತ ಬರೆದ ಆಸ್ಪತ್ರೆಗೆ ಶಭಾಷ್ ಅನ್ನುವ ಬದಲು, ಎಷ್ಟು ಕಲ್ಚರ್ ಕಳಿಸಿದ್ದೀರಿ ಅಂತ ಕೇಳಿ. ಪರೀಕ್ಷೆಯನ್ನೇ ಮಾಡದವರ ಪಟ್ಟಿಯಲ್ಲಿ ಯಾವಾಗಲೂ ಸೊನ್ನೆಯೇ ಇರುತ್ತದೆ.

ಮುಂದಿನ ಸೋಂಕು ನಿಯಂತ್ರಣ ಸಮಿತಿಯ ಸಭೆಗೆ ನೈಟ್ ಡ್ಯೂಟಿ ಮಾಡುವ ಒಬ್ಬ ನರ್ಸನ್ನು, ಒಬ್ಬ ಆಯಾ ಅವರನ್ನು, ಒಬ್ಬ ಲ್ಯಾಬ್ ಟೆಕ್ನಿಷಿಯನ್ನನ್ನು ಕರೆಯಿರಿ. ಸಭೆಯನ್ನು ಅವರ ಶಿಫ್ಟ್ ಮುಗಿಯುವ ಹೊತ್ತಿಗೆ ಇಡಿ, ಆ ಸಮಯಕ್ಕೂ ಸಂಬಳ ಕೊಡಿ, ಮೊದಲ ಅರ್ಧ ಗಂಟೆ ಅವರೇ ಮಾತಾಡಲಿ.

ಇಂತಿ ನಿಮ್ಮ ವಿಶ್ವಾಸಿ,
ಐಸಿಯುನ ಒಬ್ಬ ಸ್ಟಾಫ್ ನರ್ಸ್